ಆಸ್ಪತ್ರೆಯ ಬಾಗಿಲಲ್ಲಿ ಮೊದಲು ಯಾರು?

2016ರ ಫೆಬ್ರವರಿ 16ರಂದು ನೆಲಮಂಗಲದ ಬಳಿ ಹೆದ್ದಾರಿಯಲ್ಲಿ ಲಾರಿಯೊಂದು ಬೈಕ್ ಸವಾರನ ಮೇಲೆ ಹರಿಯಿತು. ಊರಿನಿಂದ ಬೆಂಗಳೂರಿಗೆ ಮರಳುತ್ತಿದ್ದ ಆ ಯುವಕನ ದೇಹ ಎರಡು ತುಂಡಾಗಿತ್ತು. ಆದರೂ ಆತ ಮಾತನಾಡುತ್ತಿದ್ದ. ನೆರವಿಗಾಗಿ ಅಂಗಲಾಚಿದ, ತನ್ನ ಅಂಗಾಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡ. ಆಂಬುಲೆನ್ಸ್ ಬಂದು ಆಸ್ಪತ್ರೆಗೆ ಒಯ್ದರೂ ಜೀವ ಉಳಿಯಲಿಲ್ಲ. ಕಣ್ಣುಗಳು ದಾನವಾದವು. ಮರುತಿಂಗಳೇ ರಾಜ್ಯ ಸರ್ಕಾರ ಆತನ ಹೆಸರಿನಲ್ಲಿ ‘ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ’ಯನ್ನು ಆರಂಭಿಸಿತು. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಮೊದಲ 48 ಗಂಟೆಗಳ ಅವಧಿಯಲ್ಲಿ 25 ಸಾವಿರ ರೂಪಾಯಿಯವರೆಗಿನ ಚಿಕಿತ್ಸೆಯ ವೆಚ್ಚವನ್ನು ಸರ್ಕಾರವೇ ಭರಿಸುವ ಯೋಜನೆ ಅದು. ಗಾಯಾಳು ಬಡವನೋ ಶ್ರೀಮಂತನೋ, ಈ ರಾಜ್ಯದವನೋ ಹೊರಗಿನವನೋ ಎಂದು ಅದರಲ್ಲಿ ಭೇದವಿರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಕೇಳಲಾಗುತ್ತಿದ್ದ ‘ದುಡ್ಡು ಕಟ್ಟುವವರು ಯಾರು?’ ಎಂಬ ಪ್ರಶ್ನೆಯನ್ನು ಈ ಯೋಜನೆ ಮಟ್ಟಿಗೆ ಬದಿಗೆ ಸರಿಸಿತು. ಉಳಿದದ್ದು ಅದಕ್ಕಿಂತ ಕಠಿಣವಾದ ಪ್ರಶ್ನೆ. ರಾತ್ರಿ ಪಾಳಿಯಲ್ಲಿ ಒಬ್ಬ ವೈದ್ಯ, ಇಬ್ಬರು ದಾದಿಯರಿರುವ ತಾಲ್ಲೂಕು ಆಸ್ಪತ್ರೆಯೊಂದಕ್ಕೆ ಒಂದೇ ಹೊತ್ತಿಗೆ ನಾಲ್ವರು ಬಂದರೆಂದು ಭಾವಿಸೋಣ. ಒಬ್ಬನ ಕಾಲು ಮುರಿದಿದೆ, ನೋವಿನಿಂದ ಚೀರುತ್ತಿದ್ದಾನೆ. ಇನ್ನೊಬ್ಬ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದರೂ ‘ನನಗೇನೂ ಆಗಿಲ್ಲ’ ಎನ್ನುತ್ತ ಬೆಂಚಿನ ಮೇಲೆ ಕುಳಿತಿದ್ದಾನೆ. ಅಜ್ಜಿಯೊಬ್ಬರು ಎದೆಯುರಿ ಎನ್ನುತ್ತಿದ್ದಾರೆ. ನೆಲದ ಮೇಲೆ ಮಲಗಿದ್ದ ಹುಡುಗನೊಬ್ಬ ಏನೋ ಚುಚ್ಚಿದಂತಾಯಿತು ಎಂದು ಎದ್ದು ಬಂದಿದ್ದಾನೆ, ಗಾಯವೇ ಕಾಣುತ್ತಿಲ್ಲ. ಮೊದಲು ನೋಡಬೇಕಾದದ್ದು ಯಾರನ್ನು?

ಬೆಂಗಳೂರು ಗ್ರಾಮಾಂತರದ ನಾಲ್ಕು ತಾಲ್ಲೂಕುಗಳಿಗೆ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ. ನೆಲಮಂಗಲದಲ್ಲಿ ತುಮಕೂರು ಮತ್ತು ಹಾಸನದ ಹೆದ್ದಾರಿಗಳು ಕವಲೊಡೆಯುತ್ತವೆ. ದೇವನಹಳ್ಳಿಯನ್ನು ಹೈದರಾಬಾದಿನ ಹೆದ್ದಾರಿ, ಹೊಸಕೋಟೆಯನ್ನು ಕೋಲಾರದ ಹೆದ್ದಾರಿ ಹಾಯುತ್ತವೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಬಳಸಿ ಹೊಸೂರಿನತ್ತ ಸಾಗುವ ರಸ್ತೆಯಲ್ಲಿ ಲಾರಿಗಳ ಸಾಲು ಮುಗಿಯುವುದಿಲ್ಲ. ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದದ್ದು 2008ರ ಮೇ ತಿಂಗಳಲ್ಲಿ. ಅದೇ ವರ್ಷದ ನವೆಂಬರ್ 1ರಂದು ‘ಆರೋಗ್ಯ ಕವಚ’ 108 ಆಂಬುಲೆನ್ಸ್ ಸೇವೆ ರಾಜ್ಯದಲ್ಲಿ ಶುರುವಾಯಿತು. ಗಾಯಾಳುವನ್ನು ಬಾಗಿಲವರೆಗೆ ತಲುಪಿಸುವ ಏರ್ಪಾಡು ಹೀಗೆ ಸುಧಾರಿಸಿತು. ಬಾಗಿಲು ದಾಟಿದ ಮೇಲೆ ಯಾರ ಸರದಿ ಮೊದಲು ಎಂಬುದನ್ನು ನಿರ್ಧರಿಸುವ ಕೆಲಸಕ್ಕೆ ವೈದ್ಯಲೋಕ ಇಟ್ಟಿರುವ ಹೆಸರು ‘ಟ್ರಯಾಜ್’.

ಗೂಡು, ಉಣ್ಣೆ, ಯುದ್ಧ

‘ಟ್ರಯಾಜ್’ ಎಂದರೆ ಫ್ರೆಂಚ್ ಭಾಷೆಯಲ್ಲಿ ವಿಂಗಡಣೆ. ಪದ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ವ್ಯಾಪಾರದಲ್ಲಿ. ಇಂಗ್ಲಿಷಿನಲ್ಲಿ ಅದು 18ನೇ ಶತಮಾನದಲ್ಲಿ ಉಣ್ಣೆಯನ್ನು ದರ್ಜೆವಾರು ಬೇರ್ಪಡಿಸುವುದಕ್ಕೂ, 19ನೇ ಶತಮಾನದಲ್ಲಿ ಕಾಫಿಯ ಒಡಕು ಬೀಜಕ್ಕೂ ಬಳಕೆಯಾಗುತ್ತಿತ್ತು. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಕಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ನೂಲು ಬಿಚ್ಚುವವನು ಗೂಡನ್ನು ಬೆರಳಲ್ಲಿ ಅದುಮಿ, ಕಿವಿಯ ಬಳಿ ಅಲುಗಿಸಿ, ಕಲೆಯಾದದ್ದನ್ನೂ ಜೋಡಿ ಗೂಡನ್ನೂ ಬೇರೆ ಮಾಡುತ್ತಾನೆ. ಒಳಗೇನಿದೆ ಎಂಬುದು ಕಾಣುವುದಿಲ್ಲ. ಹೊರಗಿನ ಗುರುತು ಹಿಡಿದು ಒಳಗನ್ನು ಊಹಿಸಬೇಕು. ಊಹೆ ಸರಿಯೇ ತಪ್ಪೇ ಎಂಬುದು ನೂಲು ಬಿಚ್ಚಿದಾಗಲೇ ಗೊತ್ತು.

ಮನುಷ್ಯರನ್ನು ಹೀಗೆ ವಿಂಗಡಿಸುವ ಪದ್ಧತಿಯ ಮೂಲಪುರುಷರಲ್ಲಿ ಪ್ರಮುಖನೆಂದು ಇತಿಹಾಸಕಾರರು ಹೇಳುವುದು ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಡಾಮಿನಿಕ್ ಜೀನ್ ಲಾರಿಯನ್ನು. ರಣರಂಗದಿಂದ ಗಾಯಾಳುಗಳನ್ನು ಬೇಗ ಸಾಗಿಸಲು ಕುದುರೆ ಎಳೆಯುವ ಹಗುರ ಗಾಡಿಗಳನ್ನು, ಅಂದರೆ ‘ಹಾರುವ ಆಂಬುಲೆನ್ಸ್’ಗಳನ್ನು, ರೂಪಿಸಿದವನೂ ಅವನೇ. ಅಪಾಯಕಾರಿ ಗಾಯವಾದವರನ್ನು ಹುದ್ದೆ, ಅಂತಸ್ತು ನೋಡದೆ ಮೊದಲು ಉಪಚರಿಸಬೇಕೆಂಬುದು 1812ರಲ್ಲಿ ಪ್ರಕಟವಾದ ಅವನ ನೆನಪಿನ ಸಂಪುಟಗಳಲ್ಲಿ ಕಾಣುವ ನಿಯಮ. ಸೇನಾಧಿಕಾರಿಯ ಗೀರು ಗಾಯಕ್ಕೆ ಮೊದಲು ಪಟ್ಟಿ ಕಟ್ಟಿ ಸಿಪಾಯಿಯ ಕತ್ತರಿಸಿದ ತೊಡೆಯನ್ನು ಆಮೇಲೆ ನೋಡುವುದು ಸಹಜವೆನಿಸಿದ್ದ ಕಾಲದಲ್ಲಿ ಇದು ಸಣ್ಣ ಮಾತಾಗಿರಲಿಲ್ಲ.

ಆದರೆ ತೀವ್ರತೆಯೇ ಅಳತೆಗೋಲು ಎಂಬ ನಿಯಮ ಹೆಚ್ಚು ದಿನ ಬಾಳಲಿಲ್ಲ. 1854–55ರ ಸೆವಸ್ತೊಪೋಲ್ ಮುತ್ತಿಗೆಯಲ್ಲಿ ರಷ್ಯದ ಶಸ್ತ್ರವೈದ್ಯ ನಿಕೊಲಾಯ್ ಪಿರೊಗೊವ್ ಗಾಯಾಳುಗಳನ್ನು ಗುಂಪುಗಳಾಗಿ ಬೇರ್ಪಡಿಸಿದಾಗ, ಬದುಕುವ ಆಸೆಯಿಲ್ಲದವರದೇ ಒಂದು ಗುಂಪಾಯಿತು. ಅವರನ್ನು ಪಾದ್ರಿಗಳ ಮತ್ತು ಶುಶ್ರೂಷಕಿಯರ ವಶಕ್ಕೆ ಬಿಡಲಾಯಿತು. ಮೊದಲ ಮಹಾಯುದ್ಧದ ಹೊತ್ತಿಗೆ, ಬೇಗ ಗುಣವಾಗಿ ಮತ್ತೆ ಬಂದೂಕು ಹಿಡಿಯಬಲ್ಲವನಿಗೆ ಆದ್ಯತೆ ಎಂಬ ಲೆಕ್ಕವೂ ಸೇರಿಕೊಂಡಿತು. ಬಾಗಿಲಲ್ಲಿ ವಿಂಗಡಣೆ ಯಾವಾಗಲೂ ನಡೆದೇ ಇದೆ. ಯಾವುದರ ಆಧಾರದ ಮೇಲೆ ಎಂಬುದು ಮಾತ್ರ ಬದಲಾಗುತ್ತ ಬಂದಿದೆ.

ಮೈಸೂರು ಸಂಸ್ಥಾನದಲ್ಲೂ ಇಂಥದೊಂದು ವಿಂಗಡಣೆ ನಡೆದಿತ್ತು. 1898ರಲ್ಲಿ ರೈಲಿನ ಹಾದಿ ಹಿಡಿದು ಪ್ಲೇಗು ಬೆಂಗಳೂರಿಗೆ ಬಂದಾಗ, ರೈಲು ಪ್ರಯಾಣಿಕರನ್ನು ತಪಾಸಣೆ ಮಾಡುವುದು, ಜ್ವರ ಬಂದವರನ್ನು ಒಂದು ಕಡೆಗೆ, ಅವರ ಮನೆಯವರನ್ನು ಮತ್ತೊಂದು ಕ್ಯಾಂಪಿಗೆ ಕಳಿಸುವುದು ನಡೆಯಿತು. ಅಲ್ಲಿ ಕೇಳಿದ ಪ್ರಶ್ನೆ ‘ಇವನಿಗೆ ಎಷ್ಟು ಅಪಾಯವಿದೆ?’ ಎಂದಲ್ಲ, ‘ಇವನಿಂದ ಊರಿಗೆ ಎಷ್ಟು ಅಪಾಯವಿದೆ?’ ಎಂದು. ಜನ ಆ ತಪಾಸಣೆಗೆ ಹೆದರಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಪೊಲೀಸರಿಗೆ ತಿಳಿಸಿದಿರಾ?

ಸ್ವತಂತ್ರ ಭಾರತದ ಆಸ್ಪತ್ರೆಗಳ ‘ಕ್ಯಾಷುವಾಲ್ಟಿ’ಯಲ್ಲಿ ಬಹುಕಾಲ ಮೊದಲ ವಿಂಗಡಣೆ ರೋಗದ ತೀವ್ರತೆಯದಾಗಿರಲಿಲ್ಲ, ಇದು ಪೊಲೀಸ್ ಕೇಸೋ ಅಲ್ಲವೋ ಎಂಬುದಾಗಿತ್ತು. ಅಪಘಾತ, ಹೊಡೆದಾಟ, ವಿಷ ಸೇವನೆ ಎಲ್ಲಕ್ಕೂ ಎಂಎಲ್‌ಸಿ ಪುಸ್ತಕ ತೆರೆಯಬೇಕು, ಠಾಣೆಗೆ ಚೀಟಿ ಹೋಗಬೇಕು. ಕೋರ್ಟಿನ ಅಲೆದಾಟಕ್ಕೆ ಹೆದರಿದ ಆಸ್ಪತ್ರೆಗಳು ‘ದೊಡ್ಡಾಸ್ಪತ್ರೆಗೆ ಹೋಗಿ’ ಎಂದು ಕೈತೊಳೆದುಕೊಳ್ಳುತ್ತಿದ್ದವು. ಸ್ಕೂಟರ್ ಸವಾರನೊಬ್ಬನನ್ನು ಹೀಗೆ 20 ಕಿಲೋಮೀಟರ್ ಆಚೆಯ ಇನ್ನೊಂದು ಆಸ್ಪತ್ರೆಗೆ ಕಳಿಸಿದಾಗ ಆತ ದಾರಿಯಲ್ಲೇ ತೀರಿಕೊಂಡ ಎಂಬ ಪತ್ರಿಕಾ ವರದಿಯೇ ಪರಮಾನಂದ ಕಟಾರ ಪ್ರಕರಣಕ್ಕೆ ಕಾರಣ. ಮೊದಲು ಜೀವ ಉಳಿಸಬೇಕು, ಕಾನೂನಿನ ವಿಧಿಗಳು ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಸ್ಪಷ್ಟವಾಗಿ ಹೇಳಿತು. ರೈಲಿನಿಂದ ಬಿದ್ದ ಕೂಲಿಕಾರನೊಬ್ಬನನ್ನು ಹಾಸಿಗೆಯಿಲ್ಲವೆಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಟ್ಟಿದ ಪಶ್ಚಿಮ ಬಂಗಾಳದ ಪ್ರಕರಣದಲ್ಲಿ ಅದೇ ನ್ಯಾಯಾಲಯ 1996ರಲ್ಲಿ, ಸಕಾಲದಲ್ಲಿ ಚಿಕಿತ್ಸೆ ನೀಡದಿರುವುದು ಬದುಕುವ ಹಕ್ಕಿನ ಉಲ್ಲಂಘನೆ ಎಂದಿತು. ಗಾಯಾಳುವನ್ನು ಆಸ್ಪತ್ರೆಗೆ ತಂದವರನ್ನು ಕಿರುಕುಳದಿಂದ ಕಾಪಾಡಲು ಕರ್ನಾಟಕ 2016ರಲ್ಲಿ ತನ್ನದೇ ಕಾನೂನು ರೂಪಿಸಿತು. ತುರ್ತು ಚಿಕಿತ್ಸೆಯನ್ನು ಭಾರತೀಯ ವೈದ್ಯಕೀಯ ಪರಿಷತ್ತು ಪ್ರತ್ಯೇಕ ವಿಭಾಗವೆಂದು ಮಾನ್ಯ ಮಾಡಿದ್ದು 2009ರಲ್ಲಿ, ಅಂದರೆ ತೀರಾ ತಡವಾಗಿ.

ಹುದ್ದೆ, ಪೊಲೀಸು, ದುಡ್ಡು, ಸರದಿ ಚೀಟಿ ಇವುಗಳನ್ನೆಲ್ಲ ದಾಟಿದ ಮೇಲಷ್ಟೇ ತೀವ್ರತೆಯ ಮಾತು. ಅದನ್ನು ಅಳೆಯುವುದು ಹೇಗೆ?

1960ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳು ಯುದ್ಧಭೂಮಿಯ ವಿಂಗಡಣೆಯನ್ನು ತಮ್ಮ ತುರ್ತು ವಿಭಾಗಕ್ಕೆ ಒಗ್ಗಿಸಿಕೊಳ್ಳತೊಡಗಿದವು. 1990ರ ದಶಕದಲ್ಲಿ ಆಸ್ಟ್ರೇಲಿಯ ಐದು ಹಂತಗಳ ರಾಷ್ಟ್ರೀಯ ಪಟ್ಟಿಯನ್ನೇ ಮಾಡಿತು. ಮೊದಲ ಹಂತದವನನ್ನು ತಕ್ಷಣ ನೋಡಬೇಕು, ಎರಡನೆಯವನನ್ನು 10 ನಿಮಿಷದೊಳಗೆ, ಮೂರನೆಯವನನ್ನು 30, ನಾಲ್ಕನೆಯವನನ್ನು 60, ಕೊನೆಯವನನ್ನು 120 ನಿಮಿಷದೊಳಗೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್, ಕೆನಡಾ, ದಕ್ಷಿಣ ಆಫ್ರಿಕಾಗಳೂ ತಮ್ಮ ತಮ್ಮ ಪದ್ಧತಿಗಳನ್ನು ರೂಪಿಸಿಕೊಂಡವು. ಅಮೆರಿಕದ ಐದು ಹಂತಗಳ ಪದ್ಧತಿಯಲ್ಲಿ ಒಂದು ವಿಚಿತ್ರವಿದೆ. ಜೀವಾಪಾಯವಿಲ್ಲದ ರೋಗಿಗೆ ಎಷ್ಟು ಬಗೆಯ ಪರೀಕ್ಷೆ, ಚಿಕಿತ್ಸೆಗಳು ಬೇಕಾಗಬಹುದು ಎಂದು ಲೆಕ್ಕ ಹಾಕಿ ಅವನ ಹಂತವನ್ನು ನಿರ್ಧರಿಸುತ್ತಾರೆ. ಸಿಟಿ ಸ್ಕ್ಯಾನ್ ಯಂತ್ರವೇ ಇಲ್ಲದ ತಾಲ್ಲೂಕು ಆಸ್ಪತ್ರೆಗೆ ಆ ಲೆಕ್ಕವನ್ನು ಹಾಗೆಯೇ ತಂದಿಟ್ಟರೆ ಏನಾದೀತು? ದೆಹಲಿಯ ಏಮ್ಸ್ ಕೆಂಪು, ಹಳದಿ, ಹಸಿರು ಎಂಬ ಮೂರೇ ಬಣ್ಣಗಳ ತನ್ನದೇ ಪದ್ಧತಿಯನ್ನು ಮಾಡಿಕೊಂಡದ್ದರಲ್ಲಿ ಅರ್ಥವಿದೆ.

ಮಾತನಾಡಿ ಸತ್ತವರು

ತಲೆಗೆ ಪೆಟ್ಟಾದವರ ವಿಷಯಕ್ಕೆ ಬಂದರೆ 1974 ನೆನಪಿಡಬೇಕಾದ ವರ್ಷ. ಆ ವರ್ಷ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ವೈದ್ಯರಾದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ಪ್ರಜ್ಞೆಯನ್ನು ಅಂಕಿಗಳಲ್ಲಿ ಅಳೆಯುವ ಕೋಷ್ಟಕವನ್ನು ಪ್ರಕಟಿಸಿದರು. ಅದೇ ವರ್ಷದ ಕೊನೆಯಲ್ಲಿ ಬೆಂಗಳೂರಿನಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಸುತ್ತಲಿನ ಜಿಲ್ಲೆಗಳಲ್ಲಿ ತಲೆಗೆ ಪೆಟ್ಟಾದವರನ್ನು ಇಂದಿಗೂ ಹೆಚ್ಚಾಗಿ ಕರೆದೊಯ್ಯುವುದು ಅಲ್ಲಿಗೇ. ಕಣ್ಣು ತೆರೆಯುತ್ತಾನೆಯೇ, ಮಾತು ಹೇಗಿದೆ, ಹೇಳಿದಂತೆ ಕೈಕಾಲು ಆಡಿಸುತ್ತಾನೆಯೇ ಎಂಬ ಮೂರನ್ನು ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. ಯಂತ್ರ ಬೇಡ, ವಿದ್ಯುತ್ ಬೇಡ. ಇದಕ್ಕಿಂತ ಅಗ್ಗದ ಸಾಧನ ಸಿಗಲಾರದು.

ಆದರೂ ಇದಕ್ಕೆ ಒಂದು ಕುರುಡು ಮೂಲೆಯಿದೆ. ಮಾತಿಗೆ ಅಂಕ ಕೊಡಬೇಕಾದರೆ ಮಾತು ಅರ್ಥವಾಗಬೇಕು. ದೊಡ್ಡಬಳ್ಳಾಪುರ, ದಾಬಸ್‌ಪೇಟೆಗಳ ಕಾರ್ಖಾನೆಗಳಿಗೆ ಒಡಿಶಾ, ಬಿಹಾರ, ಬಂಗಾಳಗಳಿಂದ ದುಡಿಯಲು ಬಂದವರಿದ್ದಾರೆ. ಅವರಲ್ಲೊಬ್ಬ ತಲೆಗೆ ಪೆಟ್ಟು ಬಿದ್ದು ಬಂದು ಒಡಿಯಾದಲ್ಲಿ ಏನೋ ಹೇಳಿದರೆ, ಅದು ಸರಿಯಾದ ಉತ್ತರವೋ ಗೊಂದಲದ ಬಡಬಡಿಕೆಯೋ ಎಂದು ಒಡಿಯಾ ಬಾರದ ದಾದಿ ಹೇಗೆ ತಿಳಿಯಬೇಕು? ಬಾಯಿಂದ ಹೆಂಡದ ವಾಸನೆ ಬಂದರಂತೂ ಕೇಳುವುದೇ ಬೇಡ. ‘ಕುಡಿದಿದ್ದಾನೆ, ಮಲಗಲಿ ಬಿಡಿ’ ಎಂಬುದು ಎಷ್ಟೋ ಸಲ ತಲೆಯೊಳಗಿನ ರಕ್ತಸ್ರಾವವನ್ನು ಮುಚ್ಚಿಡುವ ಮಾತು.

ಕೋಷ್ಟಕ ಬಂದ ಮರುವರ್ಷವೇ, 1975ರಲ್ಲಿ, ಗ್ಲಾಸ್ಗೊ ವೈದ್ಯರು ತಲೆಗೆ ಪೆಟ್ಟಾಗಿಯೂ ಮಾತನಾಡಿ ಆಮೇಲೆ ಸತ್ತವರ ಬಗ್ಗೆ ಒಂದು ಪ್ರಬಂಧ ಬರೆದರು. ಮಾತನಾಡಿದ್ದಾನೆ ಎಂದರೆ ಪೆಟ್ಟು ಬಿದ್ದ ಕ್ಷಣದಲ್ಲೇ ಮೆದುಳು ಪೂರ್ತಿ ಹಾಳಾಗಿರಲಿಲ್ಲ ಎಂದರ್ಥ. ಅವನ ಸಾವಿಗೆ ಕಾರಣವಾದದ್ದು ಆಮೇಲೆ ಹೆಪ್ಪುಗಟ್ಟಿದ ರಕ್ತ, ಬಾವು. ಅಂದರೆ ಅವರಲ್ಲಿ ಕೆಲವರನ್ನಾದರೂ ಉಳಿಸಬಹುದಿತ್ತು. ಬೆಂಚಿನ ಮೇಲೆ ಕುಳಿತು ‘ನನಗೇನೂ ಆಗಿಲ್ಲ’ ಎನ್ನುವವನ ಬಗ್ಗೆ ವೈದ್ಯರು ಹೆದರುವುದು ಇದಕ್ಕೇ.

ರಕ್ತದೊತ್ತಡವೂ ಹೀಗೆಯೇ ಮೋಸ ಮಾಡುತ್ತದೆ. ವಯಸ್ಕನ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಗಟ್ಟಿಮುಟ್ಟಾದ ಯುವಕನೊಬ್ಬನ ಹೊಟ್ಟೆಯೊಳಗೆ ಸುಮಾರು ಒಂದೂವರೆ ಲೀಟರ್ ಸೋರಿಹೋಗುವವರೆಗೂ ಒತ್ತಡದ ಅಂಕಿ ಹೆಚ್ಚುಕಡಿಮೆ ಸರಿಯಾಗಿಯೇ ಕಾಣಬಹುದು. ರಕ್ತನಾಳಗಳು ಬಿಗಿದುಕೊಂಡು, ಹೃದಯ ವೇಗವಾಗಿ ಬಡಿದುಕೊಂಡು ಕೊರತೆಯನ್ನು ಮುಚ್ಚಿಡುತ್ತವೆ. ನಾಡಿಯ ವೇಗ, ತಣ್ಣಗಾದ ಅಂಗೈ ಮೊದಲು ಸುಳಿವು ಕೊಡುತ್ತವೆ. ಮುದುಕರಲ್ಲಿ ಅದೂ ನಂಬಿಕೆಯದಲ್ಲ, ಏಕೆಂದರೆ ಬಿಪಿಗೆ ಕೊಡುವ ಕೆಲವು ಮಾತ್ರೆಗಳು ನಾಡಿಯನ್ನು ಏರಲು ಬಿಡುವುದಿಲ್ಲ.

ಊಹೆಯನ್ನು ಪರೀಕ್ಷಿಸುವುದು

ಹಾಗಾದರೆ ಒಂದು ವಿಂಗಡಣಾ ಪದ್ಧತಿ ರೋಗಿಯ ನಿಜವಾದ ತೀವ್ರತೆಯನ್ನು ಹೇಳುತ್ತದೆಯೇ ಎಂದು ಪರೀಕ್ಷಿಸುವುದು ಹೇಗೆ? ಸುಲಭದ ದಾರಿ, ಒಬ್ಬನೇ ರೋಗಿಯನ್ನು ಇಬ್ಬರು ದಾದಿಯರಿಗೆ ತೋರಿಸಿ ಇಬ್ಬರೂ ಒಂದೇ ಬಣ್ಣ ಕೊಡುತ್ತಾರೆಯೇ ಎಂದು ನೋಡುವುದು. ಎಷ್ಟೋ ಸಂಶೋಧನೆಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ಇಬ್ಬರೂ ಒಪ್ಪಿದ ಮಾತ್ರಕ್ಕೆ ಅದು ಸರಿಯಾಗಬೇಕಿಲ್ಲ. ಇಬ್ಬರು ರೀಲರುಗಳು ಒಂದೇ ಗೂಡನ್ನು ಒಳ್ಳೆಯದೆಂದು ಹೇಳಿ ಇಬ್ಬರೂ ಮೋಸಹೋಗಬಹುದು. ಇನ್ನೊಂದು ದಾರಿ, ಕೆಂಪು ಚೀಟಿ ಪಡೆದವರಲ್ಲಿ ಎಷ್ಟು ಮಂದಿ ವಾರ್ಡಿಗೆ ದಾಖಲಾದರು ಎಂದು ಎಣಿಸುವುದು. ಇದರಲ್ಲೂ ಒಂದು ಸಿಕ್ಕು. ಕೆಂಪು ಚೀಟಿ ಕಂಡ ವೈದ್ಯ ‘ಯಾವುದಕ್ಕೂ ಇರಲಿ’ ಎಂದು ದಾಖಲು ಮಾಡಿಕೊಳ್ಳುವ ಸಾಧ್ಯತೆ ಹೆಚ್ಚು. ಚೀಟಿ ತನ್ನ ಸಾಕ್ಷಿಯನ್ನು ತಾನೇ ಸೃಷ್ಟಿಸಿಕೊಂಡಂತಾಯಿತು.

ನಂಬಬಹುದಾದ ದಾರಿ ಹಿಂದಿರುಗಿ ನೋಡುವುದು. ರೋಗಿಗೆ ಕೊನೆಗೆ ಉಸಿರಾಟದ ಯಂತ್ರ ಬೇಕಾಯಿತೇ, ತುರ್ತು ಶಸ್ತ್ರಕ್ರಿಯೆ ನಡೆಯಿತೇ, ಐಸಿಯು ಸೇರಿದನೇ, ಸತ್ತನೇ ಎಂಬುದನ್ನು ತಿಳಿದು, ಬಾಗಿಲಲ್ಲಿ ಅವನಿಗೆ ಕೊಟ್ಟಿದ್ದ ಹಂತ ಯಾವುದೆಂದು ತಾಳೆ ನೋಡಬೇಕು. ಅಮೆರಿಕದ ಉತ್ತರ ಕ್ಯಾಲಿಫೋರ್ನಿಯದ 21 ತುರ್ತು ವಿಭಾಗಗಳಲ್ಲಿ 2016ರಿಂದ 2020ರವರೆಗಿನ ಸುಮಾರು 53 ಲಕ್ಷ ಭೇಟಿಗಳನ್ನು ಹೀಗೆ ತಾಳೆ ನೋಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಸುಮಾರು ಮೂರನೇ ಒಂದು ಭಾಗದ ರೋಗಿಗಳಿಗೆ ಕೊಟ್ಟ ಹಂತ ತಪ್ಪಾಗಿತ್ತು. ಅದರಲ್ಲಿ ಹೆಚ್ಚಿನದು, ಎಂದರೆ ಶೇ 28.9, ಇರುವುದಕ್ಕಿಂತ ಹೆಚ್ಚು ತೀವ್ರವೆಂದು ತಿಳಿದದ್ದು. ಕಡಿಮೆ ಅಂದಾಜು ಮಾಡಿದ್ದು ಶೇ 3.3 ಮಾತ್ರ.

ಶೇ 3.3 ಎಂದರೆ ಅಲ್ಪವೆನಿಸುತ್ತದೆ. ಅಲ್ಲೇ ಎಡವುವುದು. ತುರ್ತು ವಿಭಾಗಕ್ಕೆ ಬರುವವರಲ್ಲಿ ನಿಜಕ್ಕೂ ಜೀವಾಪಾಯದಲ್ಲಿರುವವರು ಕೆಲವರೇ. ಆ ಕೆಲವರನ್ನೇ ಬೇರೆಯಾಗಿ ಎಣಿಸಿದರೆ, ಪದ್ಧತಿ ಸರಿಯಾಗಿ ಗುರುತಿಸಿದ್ದು ನೂರಕ್ಕೆ ಸುಮಾರು 66 ಮಂದಿಯನ್ನು. ಮೂವರಲ್ಲಿ ಒಬ್ಬ ಕೈತಪ್ಪಿ ಹೋದ. ಕಪ್ಪು ವರ್ಣದ ರೋಗಿಗಳಲ್ಲಿ ಹೀಗೆ ಕೈತಪ್ಪುವ ಸಾಧ್ಯತೆ ಬಿಳಿಯರಿಗಿಂತ ಹೆಚ್ಚಿತ್ತು. ತರಬೇತಾದ ದಾದಿಯರು, ಗಣಕೀಕೃತ ದಾಖಲೆ ಎಲ್ಲ ಇದ್ದೂ ಪರಿಸ್ಥಿತಿ ಇದು. ಎಂಎಲ್‌ಸಿ ಪುಸ್ತಕದಲ್ಲಿ ಪೊಲೀಸರಿಗೆ ಬೇಕಾದ ವಿವರವೆಲ್ಲ ಇದ್ದು, ಬಾಗಿಲಲ್ಲಿ ನಾಡಿ ಎಷ್ಟಿತ್ತು ಎಂಬುದು ಮಾತ್ರ ಇಲ್ಲದ ಕಡೆ ಇಂಥ ತಾಳೆ ನೋಡುವುದಾದರೂ ಹೇಗೆ?

ಹೆಚ್ಚು ಅಂದಾಜು ಮಾಡುವುದು ಅಪರಾಧವಲ್ಲ. ಅಮೆರಿಕದ ಶಸ್ತ್ರವೈದ್ಯರ ಸಂಘವು ಗಾಯಾಳುಗಳ ವಿಷಯದಲ್ಲಿ ಕಡಿಮೆ ಅಂದಾಜು ಶೇ 5ನ್ನು ಮೀರಬಾರದು, ಅದಕ್ಕಾಗಿ ಶೇ 25ರಿಂದ 35ರಷ್ಟು ಹೆಚ್ಚು ಅಂದಾಜನ್ನು ಸಹಿಸಿಕೊಳ್ಳಬೇಕು ಎನ್ನುತ್ತದೆ. ಆದರೆ ಒಬ್ಬನೇ ವೈದ್ಯನಿರುವಲ್ಲಿ ಅನಗತ್ಯ ಕೆಂಪು ಚೀಟಿಗಳು ಹೆಚ್ಚಾದರೆ ನಿಜವಾದ ಕೆಂಪು ಅವುಗಳ ನಡುವೆ ಕಳೆದುಹೋಗುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಹೆಚ್ಚು ಅಂದಾಜಿಗೆ ಇನ್ನೊಂದು ರೂಪವಿದೆ: ‘ಬೆಂಗಳೂರಿಗೆ ಕರೆದುಕೊಂಡು ಹೋಗಿ’ ಎಂಬ ಚೀಟಿ. ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರ್. ನಡುವೆ ಯಲಹಂಕ, ಹೆಬ್ಬಾಳದ ವಾಹನದಟ್ಟಣೆ. ನಿಜವಾಗಿ ಹೋಗಲೇಬೇಕಾದವನನ್ನೂ, ಇಲ್ಲೇ ಎರಡು ಹೊಲಿಗೆ ಹಾಕಿದರೆ ಸಾಕಿದ್ದವನನ್ನೂ ಒಂದೇ ಆಂಬುಲೆನ್ಸಿಗೆ ಹತ್ತಿಸಿದರೆ ಅದು ವಿಂಗಡಣೆ ಎನಿಸಿಕೊಳ್ಳುವುದಿಲ್ಲ.

ಕೋವಿಡ್ ಕಾಲ ಇಡೀ ನಾಡಿಗೆ ವಿಂಗಡಣೆಯ ಪಾಠ ಕಲಿಸಿತು. 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಸೌಮ್ಯ, ಮಧ್ಯಮ, ತೀವ್ರ ಎಂಬ ಮೂರು ದರ್ಜೆಗೆ ಮೂರು ಬಗೆಯ ಚಿಕಿತ್ಸಾ ಕೇಂದ್ರಗಳನ್ನು ಸೂಚಿಸಿತು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ 94, 90 ಎಂಬ ಅಂಕಿಗಳು ಮನೆಮಾತಾದವು. 2021ರ ಎರಡನೇ ಅಲೆಯಲ್ಲಿ ಬೆಂಗಳೂರಿನಲ್ಲಿ ಹಾಸಿಗೆ ಹಂಚಿಕೆ ಫೋನಿನ ಮೂಲಕ ನಡೆಯಿತು. ರೋಗಿಯನ್ನು ಕಣ್ಣಾರೆ ನೋಡಿ ದರ್ಜೆ ನಿರ್ಧರಿಸುವ ಕೇಂದ್ರಗಳನ್ನು ಪಾಲಿಕೆ ತೆರೆದದ್ದು ಆ ನಂತರ. ಆಕ್ಸಿಮೀಟರ್ ಕೂಡ ಪೂರ್ತಿ ನಿಷ್ಪಕ್ಷಪಾತಿಯಲ್ಲ. ಅಂಕಿ 92ರಿಂದ 96ರ ನಡುವೆ ತೋರಿಸುತ್ತಿದ್ದರೂ ರಕ್ತದಲ್ಲಿನ ನಿಜವಾದ ಆಮ್ಲಜನಕ ಶೇ 88ಕ್ಕಿಂತ ಕೆಳಗಿದ್ದ ಪ್ರಸಂಗಗಳು ಬಿಳಿಯರಲ್ಲಿ ಶೇ 3.6, ಕಪ್ಪು ವರ್ಣದವರಲ್ಲಿ ಶೇ 11.7 ಎಂದು 2020ರ ಡಿಸೆಂಬರ್‌ನಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ಬಿಸಿಲಲ್ಲಿ ದುಡಿದು ಕಪ್ಪಾದ ಬೆರಳುಗಳ ನಾಡಿನಲ್ಲಿ ಈ ಸುದ್ದಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಎದೆಯುರಿ ಎನ್ನುವ ಅಜ್ಜಿಯ ವಿಷಯದಲ್ಲಿ ದಾರಿ ಸ್ವಲ್ಪ ಸುಗಮವಾಗಿದೆ. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತ ‘ಗ್ಯಾಸ್ಟ್ರಿಕ್’ನ ವೇಷ ಹಾಕಿಕೊಂಡು ಬರುವುದುಂಟು. ನೋವಿನ ವರ್ಣನೆಯನ್ನು ನಂಬಿ ಕೂರುವ ಬದಲು ಬಂದ 10 ನಿಮಿಷದೊಳಗೆ ಇಸಿಜಿ ತೆಗೆಯಬೇಕೆಂಬುದು ನಿಯಮ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಕೇಂದ್ರದ ತಜ್ಞರು ದೂರದಿಂದಲೇ ನೋಡಿ, ಅಲ್ಲಿಯೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಿಸುವ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಬಂತು.

ಇನ್ನು ಉಳಿದವನು ಆ ಹುಡುಗ. ಹಾವು ಕಡಿತವನ್ನು ಕರ್ನಾಟಕ 2024ರ ಫೆಬ್ರವರಿಯಲ್ಲಿ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಕೊಳಕುಮಂಡಲ ಕಡಿದರೆ ಕಾಲು ಊದುತ್ತದೆ, ನೋವು ಸಹಿಸಲಾಗದು, ಎಲ್ಲರೂ ಅವನತ್ತಲೇ ಓಡುತ್ತಾರೆ. ಅದರ ವಿಷ ರಕ್ತಕ್ಕಿಳಿದಿದೆಯೇ ಎಂದು ತಿಳಿಯಲು ದುಬಾರಿ ಯಂತ್ರ ಬೇಕಿಲ್ಲ. ಒಣಗಿದ ಶುಭ್ರ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು, ಬಾಗಿಸಿ ನೋಡಿದರೆ ಆಯಿತು. ಹೆಪ್ಪುಗಟ್ಟದೆ ಹರಿದರೆ ವಿಷವೇರಿದೆ. ಆದರೆ ಪುಸ್ತಕಗಳು ಕ್ರೇಟ್ ಎನ್ನುವ ಕಟ್ಟು ಹಾವು ಕಡಿಯುವುದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು. ಊತವಿಲ್ಲ, ನೋವು ಇಲ್ಲವೆನ್ನುವಷ್ಟು, ಹಲ್ಲಿನ ಗುರುತೂ ಕಾಣದಿರಬಹುದು. ಹೊಟ್ಟೆನೋವು ಎಂದು ಬಂದವನಿಗೆ ಕೆಲವು ಗಂಟೆಗಳ ನಂತರ ರೆಪ್ಪೆ ಜೋಲುತ್ತದೆ, ಆಮೇಲೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ರಕ್ತ ಮಾತ್ರ ಎಂದಿನಂತೆ ಹೆಪ್ಪುಗಟ್ಟುತ್ತದೆ. ಗಾಜಿನ ನಳಿಕೆ ಇವನ ವಿಷಯದಲ್ಲಿ ಏನನ್ನೂ ಹೇಳದು.

ಬಾಗಿಲಲ್ಲಿ ಒಮ್ಮೆ ನೋಡಿ ಕೊಟ್ಟ ಯಾವ ಬಣ್ಣವೂ ಇಂಥವನಿಗೆ ಸರಿಹೊಂದುವುದಿಲ್ಲ. ದಾದಿ ಮತ್ತೆ ಮತ್ತೆ ಅವನ ಬಳಿ ಬರಬೇಕು. ಮೇಲೆ ನೋಡು, ರೆಪ್ಪೆ ಎತ್ತು, ಕತ್ತು ಎತ್ತಿ ಹಿಡಿ ಎನ್ನಬೇಕು. ಒಂದು ದೀರ್ಘ ಉಸಿರು ಎಳೆದುಕೊಂಡು, ಮಧ್ಯೆ ಉಸಿರು ತೆಗೆದುಕೊಳ್ಳದೆ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸಲು ಹೇಳಬೇಕು. ನಡುರಾತ್ರಿ 25ರವರೆಗೆ ಎಣಿಸಿದ್ದ ಹುಡುಗ ಬೆಳಗಿನ ಜಾವ 14ಕ್ಕೆ ನಿಂತರೆ, ಅವನ ಕೈಯಲ್ಲಿರುವ ಹಸಿರು ಚೀಟಿಯನ್ನು ತೆಗೆದು ಕೆಂಪು ಚೀಟಿ ಕೊಡಬೇಕು. ಪಕ್ಕದ ಹಾಸಿಗೆಯಲ್ಲಿ ಕಾಲು ಮುರಿದವನು ಇನ್ನೂ ಕೂಗುತ್ತಿದ್ದರೂ ಸರಿ.